ನೋಯದ ಕಾಯಿಲೆ



ದತ್ತಿ ಉಪನ್ಯಾಸವೆಂದರೆ ಕುಮಾರವ್ಯಾಸನೋ ಬಸವಣ್ಣನೋ ಇರುತ್ತಾರೆ. ಕೇಳಿ ಎದ್ದು ಹೋಗುವಾಗ ಮನಸ್ಸು ಹಗುರಾಗಿರುತ್ತದೆ. ಈ ದತ್ತಿ ಇಟ್ಟ ಮನೆಯವರು ಮಾತ್ರ "ಶುಗರ್ ಬಗ್ಗೆ ಮಾತಾಡಿ, ನಮ್ಮ ಹಳ್ಳಿಯವರಿಗೆ ಅರ್ಥವಾಗೋ ಹಾಗೆ ಮಾತಾಡಿ" ಅಂದರು. ನಾನು ಸಕ್ಕರೆ ಕಾಯಿಲೆಯ ತಜ್ಞನಲ್ಲ. ಈ ಹಾಸನ ಜಿಲ್ಲೆಯ ಹಳ್ಳಿ ಆಸ್ಪತ್ರೆಗಳಲ್ಲಿ ಮೂವತ್ತು ಚಿಲ್ಲರೆ ವರ್ಷ ಕೂತು, ದಿನಕ್ಕೆ ನೂರು ನೂರಿಪ್ಪತ್ತು ಚೀಟಿ ನೋಡಿ ನಿವೃತ್ತನಾದ ಎಂಬಿಬಿಎಸ್ ಡಾಕ್ಟರು. ಹಾಗಾಗಿ ಇವತ್ತಿನ ಮಾತಿನಲ್ಲಿ ಪುಸ್ತಕದ ವಿದ್ಯೆಯ ಜೊತೆಗೆ ನಾನು ಮಾಡಿದ ತಪ್ಪುಗಳೂ ಬರುತ್ತವೆ.

ಮೊದಲು ಒಂದು ಕಾಲಿನ ವಿಷಯ.

ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಡೆ ಹೊಗೆಸೊಪ್ಪು ಬೆಳೆಯುತ್ತಾರೆ. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯೂ ಅಲ್ಲೇ ಇದೆ. ಎಲೆ ಮುರಿದು, ಕಡ್ಡಿಗೆ ಕಟ್ಟಿ, ಎಲೆ ಹದ ಮಾಡುವ ಬ್ಯಾರನ್ನಿಗೆ ಏರಿಸಿದ ಮೇಲೆ ಹಗಲು ರಾತ್ರಿ ಬೆಂಕಿ ಕಾಯಬೇಕು. ಶಾಖ ಏರಿದರೆ ಎಲೆ ಕಪ್ಪಾಗುತ್ತದೆ, ಇಳಿದರೆ ಬಣ್ಣ ಕೂರುವುದಿಲ್ಲ. ಹಾಗೆ ಬೆಂಕಿ ಕಾಯುತ್ತಿದ್ದ ಐವತ್ತರ ಆಸುಪಾಸಿನ ರೈತರೊಬ್ಬರು ಬೆಳಗಿನ ಜಾವ ಒಲೆಯ ಬಾಯಿಯ ಹತ್ತಿರ ಗೋಣಿಚೀಲ ಹಾಸಿ ಒರಗಿದ್ದಾರೆ. ನಿದ್ದೆಯಲ್ಲಿ ಬಲಗಾಲು ಚಾಚಿ ಕಾದ ಕಬ್ಬಿಣದ ಬಾಗಿಲಿಗೆ ತಾಗಿಕೊಂಡಿದೆ. ಅವರಿಗೆ ಎಚ್ಚರವಾದದ್ದು ನೋವಿನಿಂದಲ್ಲ. "ಏನೋ ತೊಗಲು ಸುಟ್ಟ ವಾಸ್ನೆ ಬಂತು ಸಾ. ಎದ್ದು ನೋಡ್ತೀನಿ, ನಂದೇ ಕಾಲು."

ಅವರು ನನ್ನ ಹತ್ತಿರ ಬಂದದ್ದು ಮೂರನೆಯ ದಿನ, ಬ್ಯಾರನ್ ಇಳಿಸಿದ ಮೇಲೆ. ಕಾಲಿಗೆ ಅರಿಶಿನ ಮೆತ್ತಿ, ಹಳೇ ಪಂಚೆಯ ಚೂರು ಸುತ್ತಿದ್ದರು. ಯಾಕೆ ಇಷ್ಟು ತಡ ಅಂದೆ. "ನೋವಿದ್ದಿದ್ರೆ ಅವತ್ತೇ ಬತ್ತಿದ್ದೆ" ಅಂದರು. ರಕ್ತ ನೋಡಿದರೆ ಸಕ್ಕರೆ ಮುನ್ನೂರು ದಾಟಿತ್ತು. ಅವರಿಗೆ ಶುಗರ್ ಇದೆ ಅಂತ ಅವರಿಗೂ ನನಗೂ ಗೊತ್ತಾದದ್ದು ಆವತ್ತೇ. ಎರಡು ಬೆರಳು ಹೋದವು, ಪಾದ ಉಳಿಯಿತು.

ನೋವಿದ್ದಿದ್ದರೆ ಅವತ್ತೇ ಬರುತ್ತಿದ್ದರು. ನಿಜ, ಖಂಡಿತ ಬರುತ್ತಿದ್ದರು. ನಮ್ಮ ಹಳ್ಳಿಯ ವೈದ್ಯಶಾಸ್ತ್ರಕ್ಕೆ ಎರಡೇ ಸೂತ್ರ. ನೋವಿದ್ದರೆ ಕಾಯಿಲೆ, ನೋವು ಹೋದರೆ ವಾಸಿ. ಮುಳ್ಳು ಚುಚ್ಚಿದರೆ, ಹಲ್ಲು ನೊಂದರೆ, ಜ್ವರ ಬಂದರೆ ಈ ಸೂತ್ರಗಳು ತಪ್ಪಾಗುವುದಿಲ್ಲ. ತಲೆತಲಾಂತರದಿಂದ ಜನ ಬದುಕಿರುವುದು ಹೀಗೆಯೇ, ಅದನ್ನು ಮೌಢ್ಯ ಅನ್ನುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ಆದರೆ ಸಕ್ಕರೆ ಕಾಯಿಲೆ ಈ ಎರಡೂ ಸೂತ್ರಗಳಿಗೆ ಸಿಗುವುದಿಲ್ಲ. ಬರುವಾಗ ನೋಯುವುದಿಲ್ಲ. ಬಂದಮೇಲೆ, ಆ ರೈತರಿಗೆ ಆದ ಹಾಗೆ, ನೋವು ಅನ್ನುವ ಕಾವಲು ನಾಯಿಯನ್ನೇ ಮೊದಲು ಕೊಂದುಬಿಡುತ್ತದೆ. ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿ, ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಕಾಲು ರಿಪೇರಿ ಮಾಡುತ್ತಿದ್ದ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರಿದ್ದರು. ಕುಷ್ಠದಲ್ಲಿ ಬೆರಳು ತಾನಾಗಿ ಉದುರುವುದಿಲ್ಲ, ನೋವು ಗೊತ್ತಾಗದ್ದರಿಂದ ಗಾಯವಾಗಿ ಹೋಗುತ್ತದೆ ಅಂತ ತೋರಿಸಿಕೊಟ್ಟವರು ಅವರು. ಮುಂದೆ ಅಮೆರಿಕಕ್ಕೆ ಹೋದಾಗ ಅದೇ ಪಾಠವನ್ನು ಸಕ್ಕರೆ ಕಾಯಿಲೆಯವರ ಪಾದಕ್ಕೂ ಅನ್ವಯಿಸಿದರು. ಗದ್ದೆಯಲ್ಲಿ ಬರಿಗಾಲಲ್ಲಿ ನಡೆಯುವ ನಮಗೆ ಇದಕ್ಕಿಂತ ಹತ್ತಿರದ ಪಾಠ ಇನ್ನೊಂದಿಲ್ಲ.

2025ರ ಮಳೆಗಾಲದ ಶುರುವಿನಲ್ಲಿ ನಮ್ಮ ಜಿಲ್ಲೆಯ ಹೆಸರು ದೇಶದ ಟಿವಿಯಲ್ಲೆಲ್ಲ ಬಂತು. ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೃದಯಾಘಾತದ ಸಾವು, ಅದರಲ್ಲಿ ಹಲವರು ಎಳೆಯರು. ಹಾಸನದವರು ಬಸ್ಸು ಹತ್ತಿ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವವೇ ಸಾಲು ನಿಂತರು. ಸರ್ಕಾರ ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. 24 ಸಾವುಗಳನ್ನು ನೋಡಿದ ಸಮಿತಿ, 20 ಹೃದಯಕ್ಕೆ ಸಂಬಂಧಪಟ್ಟವು ಎಂದಿತು. ಹಿಂದಿನದಕ್ಕೆ ಹೋಲಿಸಿದರೆ ಅಸಹಜವಾದ ಏರಿಕೆ ಇಲ್ಲ ಎಂದೂ ಹೇಳಿತು. ಸತ್ತವರಲ್ಲಿ ಹಲವರಿಗೆ ಬಿಪಿ, ಶುಗರ್, ಬೊಜ್ಜು, ಬೀಡಿ ಸಿಗರೇಟಿನ ಹಿನ್ನೆಲೆ ಇತ್ತು. ಏರಿಕೆ ಇಲ್ಲ ಎಂದದ್ದನ್ನು ಜನ ಸಮಾಧಾನದ ಸುದ್ದಿ ಅಂದುಕೊಂಡರು. ನನಗೆ ನಿದ್ದೆ ಕೆಡಿಸಿದ್ದು ಅದೇ ಮಾತು. ಏರಿಕೆ ಇಲ್ಲ ಅಂದರೆ, ಟಿವಿಯವರು ಬರುವುದಕ್ಕೆ ಮುಂಚೆಯೂ ಹೀಗೇ ಸಾಯುತ್ತಿದ್ದರು ಅಂತ ಅಲ್ಲವೇ? ಎದೆ ನೋಯುತ್ತದೆ, ಅದಕ್ಕೇ ಎಲ್ಲರೂ ಓಡಿದರು. ಆ ಎದೆಯ ಹಿಂದೆ ಹತ್ತು ವರ್ಷದಿಂದ ಸದ್ದಿಲ್ಲದೆ ಕೂತಿದ್ದ ಶುಗರ್‌ಗೆ ಯಾರೂ ಸಾಲು ನಿಂತಿರಲಿಲ್ಲ.

ಈಗ 'ಜಾಗೃತಿ' ಅನ್ನುವ ಪದಕ್ಕೆ ಬರೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನದ ಮೊದಲ ಹಂತದಲ್ಲಿ ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್, ಚಂಡೀಗಢದ 14,274 ಜನರನ್ನು 'ಸಕ್ಕರೆ ಕಾಯಿಲೆ ಅಂತ ಒಂದಿದೆ, ಕೇಳಿದ್ದೀರಾ?' ಎಂದು ವಿಚಾರಿಸಿದ್ದರು. ಪಟ್ಟಣದಲ್ಲಿ ನೂರಕ್ಕೆ 58 ಮಂದಿ ಕೇಳಿದ್ದೇವೆ ಎಂದರು, ಹಳ್ಳಿಯಲ್ಲಿ 37. ಆ ಪಟ್ಟಿಯಲ್ಲಿ ಕರ್ನಾಟಕ ಇರಲಿಲ್ಲ. ಇವತ್ತು ನಮ್ಮ ಯಾವ ಹಳ್ಳಿಯ ಅರಳೀಕಟ್ಟೆಗೆ ಹೋದರೂ ಶುಗರ್ ಅಂದರೆ ಗೊತ್ತಿಲ್ಲ ಅನ್ನುವವರು ಸಿಗಲಾರರು. ನಾನು ಮಾತು ಶುರು ಮಾಡುವ ಮುಂಚೆ ಮನೆಯಲ್ಲಿ ಶುಗರ್ ಇರುವವರು ಕೈಯೆತ್ತಿ ಅಂದೆ. ಎತ್ತದ ಕೈಗಳನ್ನು ಎಣಿಸುವುದೇ ಸುಲಭವಾಗಿತ್ತು. ಹೆಸರು ಊರಿಗೆಲ್ಲ ಗೊತ್ತು. ಆದರೆ ಆ ಹೆಸರೇ ದಾರಿ ತಪ್ಪಿಸುತ್ತಿದೆ ಅನ್ನುವುದು ನನ್ನ ದೂರು.

'ಸಕ್ಕರೆ ಕಾಯಿಲೆ' ಅಂದಮೇಲೆ ಸಕ್ಕರೆ ಬಿಟ್ಟರೆ ಆಯಿತಲ್ಲ? ಮದುವೆ ಮನೆಯಲ್ಲಿ ನೋಡಿ. ಹಿರಿಯರು ಎಲೆಯ ಮೇಲಿನ ಲಾಡನ್ನು ಪಕ್ಕಕ್ಕೆ ಸರಿಸುತ್ತಾರೆ, ಬಡಿಸುವವನಿಗೆ "ನಂಗೆ ಶುಗರ್ ಕಣಪ್ಪ" ಅಂತ ಹೆಮ್ಮೆಯಿಂದ ಹೇಳುತ್ತಾರೆ, ಆಮೇಲೆ ಮೂರು ಸಲ ಅನ್ನ ಹಾಕಿಸಿಕೊಳ್ಳುತ್ತಾರೆ. ಕೊನೆಗೆ ಸಕ್ಕರೆ ಇಲ್ಲದ ಕಾಫಿ. ಚನ್ನರಾಯಪಟ್ಟಣದ ಶ್ರೀನಿವಾಸಪುರದಲ್ಲಿ ಸಕ್ಕರೆ ಕಾರ್ಖಾನೆ ಇದೆ; ಅಲ್ಲಿನ ಕಬ್ಬು ಬೆಳೆಗಾರರೊಬ್ಬರು ನನಗೆ ವಾದ ಹೂಡಿದ್ದರು: "ಕಾರ್ಖಾನೆ ಸಕ್ಕರೆಗೆ ಕೆಮಿಕಲ್ ಹಾಕ್ತಾರೆ ಡಾಕ್ಟ್ರೇ, ಆಲೆಮನೆ ಬೆಲ್ಲಕ್ಕೆ ಏನೂ ಆಗಲ್ಲ." ಬೆಲ್ಲದಲ್ಲಿರುವುದೂ ಬಹುಪಾಲು ಅದೇ ಸಕ್ಕರೆ. ರಕ್ತ ಬಣ್ಣ ನೋಡುವುದಿಲ್ಲ.

ಹೆಸರಿನ ಇನ್ನೊಂದು ಮೋಸ ಇರುವೆಯದ್ದು. ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಪ್ರಾಚೀನ ವೈದ್ಯರು ಗಮನಿಸಿದ್ದರು. ಮಧುಮೇಹ ಎಂಬ ಹೆಸರೂ ಆ ಸಿಹಿಯಿಂದಲೇ ಬಂದದ್ದು. ಅವರ ಕಾಲಕ್ಕೆ ಅದು ಅದ್ಭುತವಾದ ಕಣ್ಣು. ಆದರೆ ಈಗಲೂ "ಇರುವೆ ಬರ್ತಾ ಇಲ್ಲ, ನಂಗೆ ಶುಗರ್ ಇಲ್ಲ" ಅನ್ನುವವರಿದ್ದಾರೆ. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದ ಮೇಲೆಯೇ ಅದು ಮೂತ್ರಕ್ಕೆ ತುಳುಕುವುದು. ಬರಿಹೊಟ್ಟೆಯಲ್ಲಿ 126 ಬಂದರೇ ಕಾಯಿಲೆ ಅನ್ನುತ್ತೇವೆ. ಇರುವೆಗೆ ಸುದ್ದಿ ಮುಟ್ಟುವಷ್ಟರಲ್ಲಿ ಕಣ್ಣು, ಮೂತ್ರಪಿಂಡ, ನರಗಳಿಗೆ ಎಷ್ಟೋ ವರ್ಷದ ಏಟು ಬಿದ್ದಿರುತ್ತದೆ.

ಹಾಗಾದರೆ ಒಳಗೆ ನಡೆಯುವುದೇನು? ಡಾಕ್ಟರಾಗಿ ಹದಿನೈದು ವರ್ಷ ನಾನು ಇದನ್ನು ಯಾರಿಗೂ ಅರ್ಥವಾಗದ ಹಾಗೆ ಹೇಳಿದೆ. ಆಮೇಲೊಂದು ದಿನ ಹೊಳೆನರಸೀಪುರದ ಹತ್ತಿರ ನಾಲೆಯ ಏರಿಯ ಮೇಲೆ ನಿಂತಾಗ ಹೊಳೆಯಿತು. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ಈ ಸೀಮೆಗೆ ನಾಲೆಯ ಬದುಕು ಗೊತ್ತು. ನೀವು ತಿಂದದ್ದರಲ್ಲಿರುವ ಪಿಷ್ಟ ಕರಗಿ ಸಕ್ಕರೆಯಾಗಿ ರಕ್ತಕ್ಕೆ ಬರುತ್ತದೆ, ಅದು ನಾಲೆಯ ನೀರು. ಮೈಯ ಜೀವಕೋಶಗಳೆಲ್ಲ ಗದ್ದೆ. ನಡುವೆ ತೂಬುಗಳಿವೆ. ತೂಬು ಎತ್ತಿ ಗದ್ದೆಗೆ ನೀರು ಬಿಡುವ ನೀರಗಂಟಿಯೇ ಇನ್ಸುಲಿನ್. ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿ ಅವನನ್ನು ಕಳಿಸುತ್ತದೆ. ನಮ್ಮಲ್ಲಿ ಶುಗರ್ ಇರುವ ನೂರು ಜನರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಇರುವ ಬಗೆಯಲ್ಲಿ ನೀರಗಂಟಿ ಇರುತ್ತಾನೆ, ತೂಬಿಗೆ ತುಕ್ಕು ಹಿಡಿದಿರುತ್ತದೆ; ಹೊಟ್ಟೆಯ ಸುತ್ತಲಿನ ಕೊಬ್ಬೇ ಆ ತುಕ್ಕು. ಅವನು ಎತ್ತಿ ಎತ್ತಿ ಸುಸ್ತಾಗಿ, ವರ್ಷಗಳ ಮೇಲೆ ಅವನ ಕೈಯೂ ಸೋಲುತ್ತದೆ. ಮಕ್ಕಳಲ್ಲಿ ಬರುವ ಇನ್ನೊಂದು ಬಗೆಯಲ್ಲಿ ನೀರಗಂಟಿಯೇ ಇರುವುದಿಲ್ಲ. ಆ ಮಗುವಿಗೆ ಮೊದಲ ದಿನದಿಂದಲೇ ಇನ್ಸುಲಿನ್ ಚುಚ್ಚಬೇಕು, ಬೇರೆ ದಾರಿಯಿಲ್ಲ.

ನಾಲೆ ತುಂಬಿ ಹರಿಯುತ್ತಿದೆ, ಗದ್ದೆ ಒಣಗುತ್ತಿದೆ. "ಚೆನ್ನಾಗೇ ಉಣ್ತೀನಿ, ಆದ್ರೂ ಸುಸ್ತು ಸುಸ್ತು" ಅಂತ ಬರುವವರ ಕಥೆ ಇಷ್ಟೇ. ತುಂಬಿದ ನಾಲೆಯ ಏರಿ ಸಣ್ಣ ಸಣ್ಣ ಕಡೆ ಜಿನುಗಿ ಕುಸಿಯುತ್ತದೆ. ಕಣ್ಣಿನ ಹಿಂಪರದೆ, ಮೂತ್ರಪಿಂಡ, ಪಾದದ ನರ, ಹೃದಯ, ಇವೆಲ್ಲ ಏರಿಯ ಮೆತ್ತನೆಯ ಜಾಗಗಳು. ಇನ್ನೊಂದು ಮಾತು. ನಿಮ್ಮ ತೊಡೆ, ಮೀನಖಂಡಗಳ ಸ್ನಾಯು ಇದೆಯಲ್ಲ, ಅಷ್ಟು ದೊಡ್ಡ ಗದ್ದೆ ಮೈಯಲ್ಲಿ ಬೇರೆಯಿಲ್ಲ. ಅದು ಕೆಲಸ ಮಾಡುವಾಗ ನೀರಗಂಟಿಗೆ ಕಾಯದೆ ತಾನೇ ನೀರು ಎಳೆದುಕೊಳ್ಳುತ್ತದೆ. ನಡೆಯಿರಿ ಅಂತ ಡಾಕ್ಟರು ಬಾಯಿಪಾಠ ಒಪ್ಪಿಸುವುದು ಇದಕ್ಕೇ.

ನಾಲೆಯ ಮಾತು ಬಂದದ್ದರಿಂದ ಮುದ್ದೆಯ ಮಾತನ್ನೂ ಆಡಿಬಿಡುತ್ತೇನೆ, ಬೈಯಬೇಡಿ. "ಮುದ್ದೆ ಉಂಡೋರಿಗೆ ಶುಗರ್ ಬರಲ್ಲ" ಅನ್ನುವುದು ನಮ್ಮ ಜಿಲ್ಲೆಯ ವೇದವಾಕ್ಯ. ನೂರು ಗ್ರಾಂ ರಾಗಿಯಲ್ಲಿ ಪಿಷ್ಟ ಸುಮಾರು 70 ಗ್ರಾಂ ಇದೆ, ಅಕ್ಕಿಯಲ್ಲಿ ಸುಮಾರು 78. ವ್ಯತ್ಯಾಸ ಅಂಥಾ ದೊಡ್ಡದಲ್ಲ. ರಾಗಿಯ ಹೆಚ್ಚುಗಾರಿಕೆ ನಾರಿನಲ್ಲಿ, ಅಕ್ಕಿಯ ಮೂರಕ್ಕೆ ಇದರದು ಹನ್ನೊಂದು. ಸುಣ್ಣದಂಶವಂತೂ ಯಾವ ಧಾನ್ಯದಲ್ಲೂ ಇಷ್ಟಿಲ್ಲ. ಆದರೆ ನುಣ್ಣಗೆ ಬೀಸಿ, ಜರಡಿ ಹಿಡಿದು, ಬೇಯಿಸಿ ತಿರುವಿದ ಮುದ್ದೆ ಜಗಿಯದೆಯೇ ಗಂಟಲಿನಿಂದ ಜಾರುತ್ತದೆ, ಸಕ್ಕರೆಯೂ ಬೇಗ ಏರುತ್ತದೆ. ನಮ್ಮಜ್ಜ ಎರಡು ದೊಡ್ಡ ಮುದ್ದೆ ಉಂಡು ತೊಂಬತ್ತು ವರ್ಷ ಇದ್ದ ಅಂತ ಹೇಳುತ್ತೀರಿ. ಇದ್ದರು, ಯಾರು ಇಲ್ಲವೆಂದರು? ಅವರು ಮುದ್ದೆ ಉಂಡು ಮಧ್ಯಾಹ್ನದವರೆಗೆ ಎತ್ತಿನ ಹಿಂದೆ ನೇಗಿಲು ಹಿಡಿದು ನಡೆದರು. ಈಗ ಉಳುವುದು ಟಿಲ್ಲರು, ಗದ್ದೆಗೆ ಹೋಗುವುದು ಬೈಕು, ನೀರು ಹಾಯಿಸುವುದು ಮೊಬೈಲಿನಿಂದ ಸ್ಟಾರ್ಟ್ ಆಗುವ ಮೋಟಾರು. ಮುದ್ದೆಯ ಗಾತ್ರ ಮಾತ್ರ ಅಜ್ಜನದೇ. ಮುದ್ದೆ ಬಿಡಬೇಡಿ. ಎರಡನ್ನು ಒಂದು ಮಾಡಿ, ಜೊತೆಗೆ ಹುರುಳಿ ಸಾರು, ಸೊಪ್ಪಿನ ಪಲ್ಯ ಎರಡರಷ್ಟು ಮಾಡಿ. ಮತ್ತೆ, ಮುದ್ದೆ ಉಂಡ ತಟ್ಟೆಗೇ 'ಸ್ವಲ್ಪ ಅನ್ನ' ಅಂತ ಹಾಕಿಸಿಕೊಳ್ಳುತ್ತೀರಲ್ಲ, ಆ ಸ್ವಲ್ಪವನ್ನು ಒಂದು ಸಲ ಬಟ್ಟಲಲ್ಲಿ ಅಳೆದು ನೋಡಿ.

ಹಳ್ಳಿಗೆ ಈ ಕಾಯಿಲೆ ಪೇಟೆಯಷ್ಟಿಲ್ಲ ಅನ್ನುವುದು ಇನ್ನೂ ನಿಜವೇ. 2023ರಲ್ಲಿ ಪ್ರಕಟವಾದ ಇಂಡಿಯಾಬ್ ವರದಿಯ ಪ್ರಕಾರ ದೇಶದಲ್ಲಿ 10 ಕೋಟಿ 10 ಲಕ್ಷ ಜನಕ್ಕೆ ಸಕ್ಕರೆ ಕಾಯಿಲೆಯಿದೆ. ವಯಸ್ಕರಲ್ಲಿ ನೂರಕ್ಕೆ ಪಟ್ಟಣದಲ್ಲಿ 16.4, ಹಳ್ಳಿಯಲ್ಲಿ 8.9. ಆದರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತವರ ಲೆಕ್ಕ ಬೇರೆ. ಪೇಟೆಯಲ್ಲಿ 15.4, ಹಳ್ಳಿಯಲ್ಲಿ 15.2. ಹೊಸ್ತಿಲಿನಲ್ಲಿ ಇಬ್ಬರೂ ಸಮ. ಇದರಲ್ಲಿ ಸಿಹಿಸುದ್ದಿಯೂ ಒಂದಿದೆ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಹೀಗೆ ಹೊಸ್ತಿಲಲ್ಲಿದ್ದ 531 ಜನರನ್ನು ಮೂರು ವರ್ಷ ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊಟ ಮತ್ತು ನಡಿಗೆ ತಿದ್ದಿಕೊಂಡವರಲ್ಲಿ ಕಾಯಿಲೆಗೆ ಬೀಳುವ ಸಂಭವ ನೂರಕ್ಕೆ 28ರಷ್ಟು ತಗ್ಗಿತು. ತೂಕ ಹೆಚ್ಚೇನೂ ಇಳಿಯದೆಯೂ ತಗ್ಗಿತು.

ಈಗ ನನ್ನ ತಪ್ಪಿನ ಕಥೆ. ಶ್ರವಣಬೆಳಗೊಳದ ಕಡೆಯ ಒಬ್ಬ ಅಜ್ಜಿ. ಅವರಿಗೆ ಗ್ಲೈಬೆನ್‌ಕ್ಲಮೈಡ್ ಮಾತ್ರೆ ಬರೆದಿದ್ದೆ. ಆ ಕಾಲದಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಅದೇ ರೂಢಿ. "ಒಂದು ದಿನವೂ ಬಿಡಬಾರದು ಕಣಜ್ಜಿ" ಅಂತ ಗದರಿ ಕಳಿಸಿದ್ದೆ. ಶಿವರಾತ್ರಿ ಬಂತು. ಅಜ್ಜಿ ಉಪವಾಸ, ಆದರೆ ಮಾತ್ರೆ ಮಾತ್ರ ನಿಯತ್ತಾಗಿ ನುಂಗಿದ್ದಾರೆ. ಸಂಜೆಗೆ ಮೈಯೆಲ್ಲ ಬೆವತು, ಸಂಬಂಧವಿಲ್ಲದ ಮಾತಾಡಿ, ಕಣ್ಣು ಮೇಲೆ ಮಾಡಿದ್ದಾರೆ. ಶಿವರಾತ್ರಿಯ ದಿನ, ಉಪವಾಸದ ಮೈ. ದೇವರು ಬಂತು ಅಂದುಕೊಂಡು ಮನೆಯವರು ಆರತಿ ಎತ್ತಿ, ಬೇವಿನ ಸೊಪ್ಪು ಹಿಡಿದು ಕೂತಿದ್ದರು. ನನ್ನ ಹತ್ತಿರ ತರುವಷ್ಟರಲ್ಲಿ ರಾತ್ರಿ ಒಂಬತ್ತು ದಾಟಿತ್ತು. ಸಕ್ಕರೆ 38. ಗ್ಲುಕೋಸ್ ಏರಿಸಿದ ಹತ್ತು ನಿಮಿಷಕ್ಕೆ ಅಜ್ಜಿ ಕಣ್ಣು ಬಿಟ್ಟು, ಬಾಟಲಿ ನೋಡಿ, ನನ್ನ ಮುಖ ನೋಡಿ ಕೇಳಿದ್ದು: "ಉಪಾಸ ಮುರಿದ್ಬಿಟ್ರಾ ಬುದ್ಧಿ?" ಆ ಮಾತ್ರೆಯ ಪ್ರಭಾವ ಇಡೀ ದಿನ ಉಳಿಯುವಂಥದ್ದು, ಮತ್ತೆ ಇಳಿಯಬಹುದು. ಹಾಗಾಗಿ ಗಂಟೆಗೊಮ್ಮೆ ಬೆರಳು ಚುಚ್ಚುತ್ತಾ ಅಜ್ಜಿಯ ಜಾಗರಣೆ, ನನ್ನ ಜಾಗರಣೆ, ಎರಡೂ ಆಸ್ಪತ್ರೆಯಲ್ಲೇ ಆದವು.

ಮಾತ್ರೆ ಬಿಡಬೇಡ ಅಂದಿದ್ದೆ. ಊಟ ಮಾಡದ ದಿನ ಏನು ಮಾಡಬೇಕು ಅಂತ ಹೇಳಿರಲಿಲ್ಲ. ನಮ್ಮ ವರ್ಷದಲ್ಲಿ ಏಕಾದಶಿಗಳೆಷ್ಟು, ಸೋಮವಾರಗಳೆಷ್ಟು, ರಂಜಾನಿನ ದಿನಗಳೆಷ್ಟು! ಜನಕ್ಕೆ ತಿಳಿವಳಿಕೆ ಇಲ್ಲ ಅಂತ ನಾವು ಡಾಕ್ಟರು ಹೇಳುವಾಗಲೆಲ್ಲ ನನಗೆ ಆ ಅಜ್ಜಿ ನೆನಪಾಗುತ್ತಾರೆ. ಅವರಿಗೆ ನನ್ನ ಬಗ್ಗೆ ತಿಳಿವಳಿಕೆ ಇತ್ತು, ಹೇಳಿದ ಹಾಗೆ ಮಾಡಿದರು. ನನಗೇ ಅವರ ಪಂಚಾಂಗದ ತಿಳಿವಳಿಕೆ ಇರಲಿಲ್ಲ. ಈಗ ಹೇಳುತ್ತೇನೆ: ವ್ರತ ಹಿಡಿಯುವವರು ಹಿಂದಿನ ವಾರವೇ ಡಾಕ್ಟರಿಗೆ ಹೇಳಿ. ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಇದ್ದಕ್ಕಿದ್ದಂತೆ ಬೆವತು, ನಡುಗಿ, ತೊದಲಿದರೆ ಮೊದಲು ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ.

ಮಾತ್ರೆ ಬಿಡುವವರ ಕಥೆ ಇದರ ತಿರುಗುಮುರುಗು. "ನಾರ್ಮಲ್ ಬಂತು, ಬಿಟ್ಟೆ" ಅನ್ನುತ್ತಾರೆ. ಕೋರ್ಸ್ ಮುಗಿಯಿತು ಅನ್ನುವ ಭಾವ. ತೋಟಕ್ಕೆ ಒಂದು ಸಲ ನೀರು ಕಟ್ಟಿ, ಗಿಡ ಹಸಿರಾಯಿತು, ಇನ್ನು ನೀರು ಬೇಡ ಅನ್ನುವವರುಂಟೆ? ಇನ್ನು ಕೆಲವರು ರಕ್ತಪರೀಕ್ಷೆಗೆ ಮೂರು ದಿನ ಮುಂಚಿನಿಂದ ಅನ್ನ ಬಿಟ್ಟು, ಮೈಲಿ ಮೈಲಿ ನಡೆದು, ಎಸ್ಸೆಸ್ಸೆಲ್ಸಿ ಮಕ್ಕಳ ಹಾಗೆ ತಯಾರಾಗಿ ಬರುತ್ತಾರೆ. ಅವರನ್ನು ಹಿಡಿಯುವುದಕ್ಕೆಂದೇ ಎಚ್‌ಬಿಎ1ಸಿ ಅನ್ನುವ ಪರೀಕ್ಷೆ ಇದೆ. ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳಿಬಿಡುತ್ತದೆ. ಅದು 6.5 ಮುಟ್ಟಿದರೆ ಕಾಯಿಲೆ.

ಗಿಡಮೂಲಿಕೆಯ ಬಗ್ಗೆ ಪ್ರತಿ ಸಭೆಯಲ್ಲೂ ಜಗಳ ಆಗುತ್ತದೆ, ಬೇಗ ಮುಗಿಸುತ್ತೇನೆ. ಹಾಗಲ, ಮೆಂತ್ಯ ಊಟವಾಗಿ ಒಳ್ಳೆಯದೇ. ಹಿತ್ತಿಲಲ್ಲಿ ಬೆಳೆಸಿರುವ 'ಇನ್ಸುಲಿನ್ ಗಿಡ'ದ ಎಲೆಯಲ್ಲಿ ಇನ್ಸುಲಿನ್ ಇಲ್ಲ. ಇದ್ದಿದ್ದರೂ ಹೊಟ್ಟೆಯಲ್ಲಿ ಬೇಳೆಯ ಹಾಗೆ ಅರಗಿಹೋಗುತ್ತಿತ್ತು. ಇಂಗ್ಲಿಷ್ ಔಷಧಿ ಉಷ್ಣ ಅನ್ನುವವರಿಗೆ ಒಂದು ಸುದ್ದಿ. ನೀವು ನುಂಗುವ ಮೆಟ್‌ಫಾರ್ಮಿನ್‌ನ ಮೂಲವೂ ಯೂರೋಪಿನ ಒಂದು ಸೊಪ್ಪಿನ ಗಿಡವೇ; ಅದರಲ್ಲಿದ್ದ ಗುಣದ ಜಾಡು ಹಿಡಿದು ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ 1957ರಲ್ಲಿ ಈ ಮಾತ್ರೆಯ ಫಲಿತಾಂಶ ಪ್ರಕಟಿಸಿದರು. ಸೊಪ್ಪಿನಿಂದ ಬಂದದ್ದೇ, ಆದರೆ ಅಳೆದದ್ದು.

ಇನ್ಸುಲಿನ್ ಅಂದರೆ ಕೊನೆಯ ಘಟ್ಟ ಅನ್ನುವ ಭಯವೂ ಇದೆ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಬಾರಿ ಅದನ್ನು ಚುಚ್ಚಿದರು. ಅದಕ್ಕೆ ಮುಂಚೆ ಅಂಥ ಮಕ್ಕಳಿಗೆ ಇದ್ದ ಚಿಕಿತ್ಸೆ ಒಂದೇ, ಉಪವಾಸ ಕೆಡವಿ ನಾಲ್ಕು ದಿನ ಹೆಚ್ಚು ಬದುಕಿಸುವುದು. ಸಾಯುತ್ತಿದ್ದ ಆ ಹುಡುಗ ಇನ್ನೂ 13 ವರ್ಷ ಬದುಕಿದ. ಕೊನೆಯ ಘಟ್ಟದಿಂದ ಎಬ್ಬಿಸಿಕೊಂಡು ಬಂದ ಔಷಧಿ ಅದು. ಮನೆಯಲ್ಲಿ ಫ್ರಿಜ್ ಇಲ್ಲ ಅಂತ ಬೇಡ ಅನ್ನಬೇಡಿ. ಒದ್ದೆ ಮರಳಿನ ಮೇಲೆ ಕೂರಿಸಿದ ಮಡಕೆ, ನೆರಳಿನ ಮೂಲೆ ಸಾಕು. ಬಳಸುತ್ತಿರುವ ಸೀಸೆ ಸುಮಾರು ನಾಲ್ಕು ವಾರ ಇರುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ನಾನು ಮೈಸೂರಿಗೆ ಹೋಗಿ ಬರಬೇಕು. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ನಮ್ಮ ಹಿರಿಯರು 'ಮಿಷನ್ ಆಸ್ಪತ್ರೆ' ಅನ್ನುತ್ತಾರೆ. 1934ರಿಂದ ಅಲ್ಲಿ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾದಿಯರು ದಫ್ತರಿನಲ್ಲಿ ಬರೆದಿಟ್ಟಿದ್ದರು. ಆ ಹಳೆಯ ಪುಸ್ತಕಗಳನ್ನು ಹಿಡಿದು, ಆ ಮಕ್ಕಳು ನಡುವಯಸ್ಸಿಗೆ ಬಂದಾಗ ಹುಡುಕಿ, ಯಾರಿಗೆ ಸಕ್ಕರೆ ಕಾಯಿಲೆ ಬಂದಿದೆ ಅಂತ ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ನೋಡಿದರು. ಹುಟ್ಟುವಾಗ ಉದ್ದಕ್ಕೆ ಮೀರಿ ದುಂಡಗಿದ್ದ ಶಿಶುಗಳಿಗೇ, ತೂಕದ ತಾಯಂದಿರ ಮಕ್ಕಳಿಗೇ, ಕಾಯಿಲೆ ಹೆಚ್ಚು. ಆಮೇಲೆ 1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ ಬಸುರಿಯರನ್ನು ಪರೀಕ್ಷಿಸಿದರೆ ನೂರಕ್ಕೆ 6.2 ಮಂದಿಗೆ ಬಸಿರಿನ ಸಕ್ಕರೆ ಕಾಯಿಲೆ ಇತ್ತು. ಅಂಥ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದು ವರ್ಷದ ಹೊತ್ತಿಗೇ ಕೊಬ್ಬು ಹೆಚ್ಚಿಗೆ ಕೂತಿತ್ತು. ಬಾಣಂತಿಗೆ ಶುಗರ್ ಇಳಿಯಿತು ಅಂತ ನಾವು ಫೈಲು ಮುಚ್ಚುತ್ತೇವೆ. ಅದು ತಾಯಿಯಲ್ಲಿ ಹತ್ತು ವರ್ಷಕ್ಕೆ ಮತ್ತೆ ಬರುವುದುಂಟು. ಇಂಥ ಬಾಣಂತಿಯರಿಗೆ ವರ್ಷಕ್ಕೊಮ್ಮೆ ರಕ್ತ ನೋಡಬೇಕು. ನಮ್ಮ ಮನೆಗಳಲ್ಲಿ ಗಂಡನ ಮಾತ್ರೆ ತಪ್ಪದೆ ಎತ್ತಿಕೊಡುವ ಹೆಂಡತಿಯನ್ನು ಬೇಕಾದಷ್ಟು ನೋಡಿದ್ದೇನೆ. ಹೆಂಡತಿಯ ಮಾತ್ರೆ ಮುಗಿದದ್ದು ಗೊತ್ತಿರುವ ಗಂಡನನ್ನು ಕಂಡದ್ದು ಅಪರೂಪ.

ಇಲ್ಲಿರುವ ಆಶಾ ಅಕ್ಕಂದಿರ ಚೀಲದಲ್ಲಿ ಒಂದು ನಮೂನೆ ಇದೆ. ಮೂವತ್ತು ದಾಟಿದವರ ವಯಸ್ಸು, ತಂಬಾಕು, ಕುಡಿತ, ನಡಿಗೆ, ಮನೆತನದ ಕಾಯಿಲೆ, ಸೊಂಟದ ಸುತ್ತಳತೆ ಬರೆದು ಅಂಕ ಹಾಕುತ್ತಾರೆ. ನಾಲ್ಕಕ್ಕಿಂತ ಹೆಚ್ಚಾದರೆ ಮೊದಲು ಪರೀಕ್ಷೆಗೆ ಕಳಿಸಬೇಕು. 2024ರ ಅಕ್ಟೋಬರಿನಲ್ಲಿ ಕೋಲಾರದಿಂದ ಶುರುವಾದ 'ಗೃಹ ಆರೋಗ್ಯ'ವೂ ಮನೆ ಬಾಗಿಲಿಗೆ ಬಂದು ನೋಡುವ ಯೋಜನೆಯೇ. ಕಷ್ಟವಿರುವುದು ಟೇಪಿನಲ್ಲಿ. ಜಗಲಿಯ ಮೇಲೆ ನಾಲ್ಕು ಜನರ ಎದುರು ಸೊಂಟ ಅಳೆಸಿಕೊಳ್ಳಲು ಯಾವ ಗೌಡರು ಒಪ್ಪುತ್ತಾರೆ? ಅಂದಾಜಿನಲ್ಲಿ ಏನೋ ಬರೆದುಕೊಂಡು ಹೋಗುವುದೂ ಉಂಟು, ಅಕ್ಕಂದಿರು ನಗುತ್ತಿದ್ದಾರೆ.

ನನ್ನದೊಂದು ಉಪಾಯ ಇದೆ. ನಮ್ಮ ಗಂಡಸರ ಸೊಂಟದಲ್ಲಿ ಉಡಿದಾರ ಇರುತ್ತದಲ್ಲ, ಜಾತ್ರೆಯಲ್ಲಿ ಕೊಂಡದ್ದು. ಗಂಡಸಿಗೆ ಗಡಿ 90 ಸೆಂಟಿಮೀಟರು. ಅದು ಹೆಚ್ಚುಕಡಿಮೆ ಎರಡು ಮೊಳ. ಹೆಂಗಸರಿಗೆ 80, ಎರಡು ಮೊಳಕ್ಕೆ ಐದು ಬೆರಳು ಕಡಿಮೆ. ಅಂಗಡಿಯಲ್ಲಿ ಎರಡು ಮೊಳದ ದಾರ, ಹೆಂಗಸರಿಗಾದರೆ ಐದು ಬೆರಳು ಕಡಿಮೆಯದು, ಕತ್ತರಿಸಿಕೊಂಡು ಮನೆಯಲ್ಲಿಡಿ. ಬಾಗಿಲು ಹಾಕಿಕೊಂಡು, ಉಸಿರು ಎಳೆದುಕೊಳ್ಳದೆ, ಹೊಕ್ಕುಳ ಮಟ್ಟಕ್ಕೆ ಸುತ್ತಿ ನೋಡಿ. ಉಡಿದಾರದ ಮಟ್ಟಕ್ಕಲ್ಲ, ಅದು ಹೊಟ್ಟೆಯ ಕೆಳಗೆ ಜಾರಿ ಅಲ್ಲೇ ಬಚಾವಾಗಿಬಿಟ್ಟಿರುತ್ತದೆ! ದಾರದ ತುದಿಗಳು ಕೂಡದಿದ್ದರೆ ಮಾರನೆಯ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಉಪಕೇಂದ್ರಕ್ಕೆ ಹೋಗಿ. ನೆನಪಿಡಿ, ಸಣಕಲು ಮೈಯವರಿಗೂ ಹೊಟ್ಟೆ ಮಾತ್ರ ಮುಂದಿದ್ದರೆ ಇದೇ ಲೆಕ್ಕ. ಬೆರಳು ಚುಚ್ಚಿ ನೋಡಿದ್ದು ದಾರಿ ತೋರಿಸುವ ಕೈಮರ ಅಷ್ಟೇ. ತೀರ್ಮಾನಕ್ಕೆ ರಕ್ತನಾಳದಿಂದ ತೆಗೆದ ಪರೀಕ್ಷೆ ಬೇಕು.

ಗಂಟೆ ಬಾರಿಸಿದ್ದಾರೆ, ಸಮಯ ಮುಗಿಯಿತು. ನಾನು ಮಾತಾಡುತ್ತಿರುವಾಗಲೇ ಕೈಯಿಂದ ಕೈಗೆ ಎರಡು ಚೀಟಿ ಬಂದಿವೆ. ಒಂದರಲ್ಲಿ "ಎಳನೀರು ಕುಡಿಯಬಹುದಾ?" ಅಂತ ಇದೆ. ಚನ್ನರಾಯಪಟ್ಟಣದವರೇ ಇರಬೇಕು. ಒಂದು ಎಳನೀರಿನಲ್ಲಿ ಎರಡು ಮೂರು ಚಮಚ ಸಕ್ಕರೆಯಷ್ಟು ಇರುತ್ತದೆ. ಶುಗರ್ ಹತೋಟಿಯಲ್ಲಿದ್ದರೆ ಅಪರೂಪಕ್ಕೆ ಒಂದು ಕುಡಿಯಿರಿ, ಆ ಹೊತ್ತಿನ ತಿಂಡಿ ಕಡಿಮೆ ಮಾಡಿ. ಮೂತ್ರಪಿಂಡ ಸೋತಿದೆ ಅಂತ ಹೇಳಿದ್ದರೆ ಮಾತ್ರ ಮುಟ್ಟಬೇಡಿ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ.

ಇನ್ನೊಂದು ಚೀಟಿಯಲ್ಲಿ ಪ್ರಶ್ನೆ ಇಲ್ಲ. 262 ಅಂತ ಒಂದು ಸಂಖ್ಯೆ ಇದೆ, ಅಷ್ಟೇ. ಹೆಸರಿಲ್ಲ, ಊಟಕ್ಕೆ ಮುಂಚೆಯೋ ಆಮೇಲೋ ಅದೂ ಇಲ್ಲ. ಬರೆದವರು ಯಾರೋ, ಸಭೆ ಮುಗಿದ ಮೇಲೆ ನಾನು ಎಡಗಡೆ ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತಿರುತ್ತೇನೆ. ಚಪ್ಪಲಿ ಬಿಚ್ಚಿ ಬನ್ನಿ, ಕಾಲನ್ನೂ ನೋಡಿಬಿಡೋಣ.